ಸುಳ್ಳು ಓಪಲ್ ಮಾಡುವ ಸತ್ಯವಂತೆ

ಬೆಳಗಿನ ಐದೂವರೆ. ಮನೆಯಲ್ಲಿ ಇನ್ನೂ ಚಹಾ ಆಗಿಲ್ಲ. ಮಿಣುಕಕ್ಕ ಊಟದ ಮೇಜಿನ ಮೇಲೆ ಬಗ್ಗಿ, ಉಗುರಗಲದ ಅಚ್ಚುಗಳಿಗೆ ಅಂಟುರಾಳವನ್ನು ಹನಿಹನಿಯಾಗಿ ಬಿಡುತ್ತಿದ್ದಾರೆ. ಈ ಹೊತ್ತಿನಲ್ಲಿ ಗಂಡ ಸೀನುವಂತಿಲ್ಲ. ಸೀನು ಬಂದರೆ ಪಾಪ, ಬೀದಿಗೆ ಓಡುತ್ತಾರೆ.

ಇಲ್ಲಿ ತಯಾರಾಗುವುದು ನಕಲಿ ಓಪಲ್. ಅಸಲಿ ಓಪಲ್ ಎಂದರೆ ಹಾಲುಬಣ್ಣದ ಮೈಯೊಳಗೆ ಕೆಂಪು, ಹಸಿರು, ನೀಲಿ ಕಿಡಿ ಹೊರಳಾಡುವ ದುಬಾರಿ ಹರಳು. ಹಾಲುಗಾಜು, ಚಂದ್ರಕಾಂತ ಶಿಲೆ, ಚಿಪ್ಪಿನ ಒಳಮೈ ಎಲ್ಲವೂ ಅದನ್ನು ಹೋಲುತ್ತವೆ. ಮಿಣುಕಕ್ಕ ರಾಳದ ಪದರಗಳ ನಡುವೆ ಚಿಪ್ಪಿನ ಚೂರು ಕೂರಿಸುತ್ತಾರೆ. ತಾವು ಕೆಲಸಕ್ಕಿದ್ದ ಅಂಗಿಗುಂಡಿ ಕಾರ್ಖಾನೆ ಮುಚ್ಚಿದ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ನಲವತ್ತು ಅಚ್ಚು ಹಾಕಿದರೆ ಗೆಲ್ಲುವುದು ಆರು, ಉಳಿದವಕ್ಕೆ ಗುಳ್ಳೆ. "ಗುಳ್ಳೆ ನಮ್ಮನೆಯವರ ಸೀನಿದ್ದಂಗೆ, ಕೇಳ್ಕೊಂಡು ಬರಲ್ಲ" ಎಂದು ನನಗೆ ಹೇಳುತ್ತಾರೆ. ಗೆದ್ದವು ನಾಟಕದ ರಾಣಿಯರ ಕಿರೀಟ ಸೇರುತ್ತವೆ.

ಹೋದ ವರ್ಷ ನಾದಿನಿಯ ಮಗಳಿಗೆ ಸಂಬಂಧ ಕುದುರುವ ದಿನ, ಹುಡುಗಿ ಸೋದರತ್ತೆ ಮಿಣುಕಕ್ಕ ಮಾಡಿದ ಹರಳಿನ ಸರ ಹಾಕಿಕೊಂಡಿದ್ದಳು. ಹುಡುಗನ ತಾಯಿಯ ಕಣ್ಣು ಅದರ ಮೇಲೆಯೇ ನೆಟ್ಟಿತು. ಹುಡುಗನ ಸೋದರಮಾವ ಭೂತಗನ್ನಡಿ ತೆಗೆದು, ಇದು ಅಪ್ಪಟ ಅಸಲಿ ಎಂದು ತೀರ್ಪು ಕೊಟ್ಟರು. ಮಿಣುಕಕ್ಕ ಅಲ್ಲ ಎಂದರು. ಎಲ್ಲರೂ ಅದನ್ನು ವಿನಯ ಎಂದುಕೊಂಡರು. ನಾದಿನಿ ಸುಮ್ಮನಿರುವಂತೆ ಸೆರಗು ಜಗ್ಗಿದರು.

ಮಿಣುಕಕ್ಕ ಎದ್ದುಹೋಗಿ ಸೂಜಿಯನ್ನು ಒಲೆಯಲ್ಲಿ ಕಾಯಿಸಿ ತಂದು, ಎಲ್ಲರೆದುರು ಹರಳಿಗೆ ಚುಚ್ಚಿದರು. ಸುಟ್ಟ ಪ್ಲಾಸ್ಟಿಕ್ ವಾಸನೆ ಕೋಣೆ ತುಂಬಿತು. ಸಂಬಂಧ ಮುರಿದೇಹೋಯಿತೆಂದು ನಾದಿನಿ ಗೋಡೆಗೊರಗಿದರು.

ಹುಡುಗನ ತಾಯಿ ತಮ್ಮ ಬೆರಳಿನ ಓಪಲ್ ಉಂಗುರ ಬಿಚ್ಚಿಕೊಟ್ಟು, "ಇದನ್ನೂ ಒಂದ್ಸಲ ನೋಡಮ್ಮ. ನಮ್ಮಣ್ಣ ಪರೀಕ್ಷೆ ಮಾಡಿ ತಂದ್ಕೊಟ್ಟಿದ್ದು" ಎಂದರು.

ಮಿಣುಕಕ್ಕ ಉಂಗುರ ತಿರುಗಿಸಿದರು. ಪ್ರತಿ ಹರಳಿನ ಬೆನ್ನಿಗೂ ತಾವೇ ಕೊರೆಯುವ ಚುಕ್ಕೆ ಅಲ್ಲಿತ್ತು. "ಇದಕ್ಕೆ ಸೂಜಿ ಬೇಡಕ್ಕ. ಇದು ನಂದೇ."

ಸೋದರಮಾವನಿಗೆ ತಕ್ಷಣ ನೀರಡಿಕೆಯಾಯಿತು, ಎದ್ದು ಒಳಗೆ ಹೋದರು. ಹುಡುಗನ ತಾಯಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಇಷ್ಟು ನೇರವಾಗಿ ಮಾತಾಡುವ ಮನೆಯ ಹುಡುಗಿಯೇ ತಮಗೆ ಬೇಕೆಂದರು. ಮದುವೆಯಾಯಿತು.

ಇಷ್ಟು ಚೆನ್ನಾಗಿ ಮಾಡಿದ ಹರಳು ಅಸಲಿ ಅನ್ನಿಸಿಕೊಂಡರೆ ಸಂತೋಷವಲ್ಲವೇ ಎಂದು ಕೇಳುತ್ತೇನೆ. ಮಿಣುಕಕ್ಕನ ಮುಖ ಗಂಟಿಕ್ಕುತ್ತದೆ.

"ಅಸಲಿ ಅಂದ್ಬಿಟ್ರೆ ಹೆಸರೆಲ್ಲ ಭೂಮ್ತಾಯಿಗೆ ಹೋಗುತ್ತೆ. ಮಾಡಿದ್ದು ನಾನಲ್ವಾ?"