ಅಪ್ಪನ ಅಮೀಲಿಯೊರೇಟು

ಹುನಗುಂದದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಮ್ಮ ಅಪ್ಪನಿಗೆ ಒಂದು ಶಬ್ದದ ಹುಚ್ಚು: ಅಮೀಲಿಯೊರೇಟ್. ಸಾರಿಗೆ ಉಪ್ಪು ಹೆಚ್ಚಾದರೆ ಅದನ್ನು ಅಮೀಲಿಯೊರೇಟ್ ಮಾಡಬೇಕು, ಸೈಕಲ್ಲಿನ ಬ್ರೇಕು ಹಿಡಿಯದಿದ್ದರೆ ಅದನ್ನೂ. "ಸರಿ ಮಾಡೂದು ಬ್ಯಾರೆ, ಇದು ಬ್ಯಾರೆ," ಎಂದು ಊಟಕ್ಕೆ ಕೂತಲ್ಲೇ ಪಾಠ ಶುರುವಾಗುತ್ತಿತ್ತು. "ಕೆಟ್ಟದ್ದು ಪೂರಾ ಹೋಗೂದಿಲ್ಲ. ತಾಳ್ಕೊಳ್ಳುವಷ್ಟು ಹಗುರ ಆಗತೈತಿ." ಪಕ್ಕದ ಮನೆಯಲ್ಲೇ ಇದ್ದ ಅಪ್ಪನ ತಮ್ಮ, ನಮ್ಮ ಕಾಕಾ, ಅದನ್ನೇ ಅಪ್ಪನಿಗೆ ಅಡ್ಡಹೆಸರು ಮಾಡಿ ಕರೆಯುತ್ತಿದ್ದ.

ಆಮೇಲೆ ಕಾಕಾ ಎರಡೂ ಮನೆಗಳ ಹಿತ್ತಲಿನ ನಡುವೆ ಗೋಡೆ ಎತ್ತಿಸಿದ. ನಮ್ಮ ಅಡುಗೆಮನೆಗೆ ಗಾಳಿ ನಿಂತಿತು. ಅದರ ಮೇಲೆ ಜಗಳವಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟರು.

ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂನು" ಎಂದರೆ ಹಳೆಯ ಜಗಳ ಮುಗಿದಂತೆ. ಆದರೆ ಸಣ್ಣವರೇ ದೊಡ್ಡವರ ಮನೆಗೆ ಹೋಗಿ, ಬನ್ನಿ ಕೊಟ್ಟು ಕಾಲಿಗೆ ಬೀಳಬೇಕು. ಪ್ರತಿ ದಸರೆಗೂ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಡಸಾಲೆಯಲ್ಲಿ ಕೂಡುತ್ತಿದ್ದ. ಓಣಿಯೆಲ್ಲ ಬರುತ್ತಿತ್ತು, ಕಾಕಾ ಬರುತ್ತಿರಲಿಲ್ಲ. ಇಬ್ಬರ ಹಟ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ದಸರೆಯ ಮರುದಿನವೇ ಕಾಕಾ ಹೃದಯದ ಆಪರೇಷನ್ನಿಗೆಂದು ಬಾಗಲಕೋಟೆಯ ದವಾಖಾನೆಗೆ ಸೇರಬೇಕಿತ್ತು. ಅಪ್ಪನಿಗೂ ಗೊತ್ತಿತ್ತು. ಆದರೂ ಎಂದಿನಂತೆ ಕೂತ. ದೀಪ ಹಚ್ಚುವ ಹೊತ್ತಾದರೂ ಕಾಕಾನ ಸುಳಿವಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾಳೆ ಕಾಕಾಗ ಏನರ ಆದ್ರ ಬನ್ನಿ ಯಾರ ಕಡಿಂದ ತಗೋತೀಯಪ್ಪಾ?" ಎಂದೆ.

"ಅಂವ ಸಣ್ಣಾಂವ. ಅಂವ ಬರಬೇಕು."

"ಹಂಗಾರ ನಿನ್ನ ಅಮೀಲಿಯೊರೇಟ್ ಬರೇ ಸಾರಿಗೆ ಏನು?"

ಅಪ್ಪ ನನ್ನನ್ನು ದಿಟ್ಟಿಸಿ ನೋಡಿದ. ತಾಟಿನಲ್ಲಿದ್ದ ಬನ್ನಿಯನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟ. ನಾನು ಹಿಂದೆಯೇ ಹೋದೆ.

ಮಂಚದ ಮೇಲೆ ಕೂತಿದ್ದ ಕಾಕಾ ಅಣ್ಣನನ್ನು ಕಂಡು ಗಡಬಡಿಸಿ ಏಳಹೋದ. "ನೀ ಯಾಕ ಬಂದ್ಯೋ ಅಣ್ಣಾ? ನಾ ಬರಬೇಕಿತ್ತು."

"ಏಳಬ್ಯಾಡ, ಕೂಡು. ಬನ್ನಿ ತಗೊ." ಅಪ್ಪ ಎಲೆಗಳನ್ನು ಅವನ ಕೈಗಿಟ್ಟ. "ಬಂಗಾರದಂಗ ಇರೂನು."

ಕಾಕಾ ಎಲೆಗಳನ್ನು ಕಣ್ಣಿಗೊತ್ತಿಕೊಂಡ. ಆಮೇಲೆ, "ಗ್ವಾಡಿ ಮಾತ್ರ ಒಡಿಯಂಗಿಲ್ಲ ನೋಡು," ಎಂದ.

"ಒಡಿಬ್ಯಾಡ. ನಾಳೆ ಎಷ್ಟಕ್ಕ ಹೋಗೂದು ಹೇಳು, ನಾನೂ ಬರ್ತೇನಿ."

ನಾನು ಬಾಗಿಲಲ್ಲಿ ನಿಂತೇ ಅತ್ತುಬಿಟ್ಟೆ.

ಕಾಕಾ ಗುಣವಾಗಿ ಬಂದ. ಗೋಡೆ ಇನ್ನೂ ಅಲ್ಲೇ ಇದೆ. ಅಡುಗೆಮನೆಯ ಸೆಕೆಗೆ ಅವ್ವ ಇವತ್ತಿಗೂ ಗೊಣಗುತ್ತಾಳೆ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ ಕೂಗು ಬರುತ್ತದೆ: "ಏ ಅಮೀಲಿಯೊರೇಟ್, ಚಾ ಆರಾಕತ್ತೈತಿ, ಬಾ!"

"ದೊಡ್ಡಾಂವ ಅನ್ನೂದರ ಖಬರ ಐತೇನು ಇವಂಗ," ಎಂದು ಬೈಯುತ್ತ ಅಪ್ಪ ಆಗಲೇ ಚಪ್ಪಲಿ ಹುಡುಕುತ್ತಿರುತ್ತಾನೆ.