ಮುಂದಿನ ಟೈರಿನ ಗಾಳಿ

ನನ್ನ ಮಾವ ಪುಂಡಲೀಕ ಇಪ್ಪತ್ತೆಂಟು ವರ್ಷ ಕಾರವಾರದಿಂದ ಅಂಕೋಲೆಗೆ ಮೀನಿನ ಟೆಂಪೋ ಓಡಿಸಿದವರು. ಎಡ ಮೊಣಕಾಲಿನ ಆಪರೇಶನ್ ಆಗಿ ಕ್ಲಚ್ ತುಳಿಯುವುದು ನಿಂತ ಮೇಲೆ ನನ್ನ ಗಂಡನ ಕಂಪ್ಯೂಟರಿನಲ್ಲಿ ರೇಸಿನ ಆಟ ಹಿಡಿದರು. ಭಾನುವಾರದ ಆನ್‌ಲೈನ್ ರೇಸಿಗೆ ಸೇರಲು ಶನಿವಾರ ಸಂಜೆ ಐದರೊಳಗೆ ಒಂದು ಸುತ್ತನ್ನು ಎರಡು ನಿಮಿಷದೊಳಗೆ ಮುಗಿಸಬೇಕಿತ್ತು. ಆದರೆ ಆ ಶನಿವಾರ ನಾಲ್ಕೂವರೆಯಾದರೂ ಕಾರು ತಿರುವಿನಲ್ಲಿ ತಿರುಗದೆ ನೇರ ಗೋಡೆಗೇ ಹೋಗುತ್ತಿತ್ತು. ಆಟದ ಸೆಟ್ಟಿಂಗಿನಲ್ಲಿ ಕಾರಿನ ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿದರೂ ಅಷ್ಟೇ.

ಮಾವನ ಕೂಗಾಟಕ್ಕೆ ಪಕ್ಕದ ಕೋಣೆಯಲ್ಲಿ ಮಲಗಿದ್ದ ಮಗಳು ಏಳುತ್ತಾಳೆಂದು ನನಗೆ ಒಂದು ಚಿಂತೆ, ಮಾವನ ಬಿಪಿಯದು ಇನ್ನೊಂದು.

"ಸಾಕು ಮಾಡಿ ಮಾವ."

"ಸುಮ್ಗಿರೇ. ಇದ್ಕೆ ಬುದ್ಧಿ ಕಲಿಸ್ದೆ ನಾ ಏಳೂದಿಲ್ಲ."

ತೆರೆಯಲ್ಲಿ ಇಣುಕಿದೆ. ಮುಂದಿನ ಟೈರಿನ ಗಾಳಿಯ ಅಂಕಿ ತುತ್ತತುದಿಯಲ್ಲಿತ್ತು.

"ಇಷ್ಟು ಗಾಳಿ ಯಾಕೆ?"

"ಗಟ್ಟಿ ಇದ್ರೆ ಸ್ಟೇರಿಂಗ್ ಹಗೂರ ಆಗ್ತದೆ. ನನ್ ಟೆಂಪೋಕ್ಕೆ ಪವರ್ ಸ್ಟೇರಿಂಗ್ ಎಲ್ಲಿತ್ತು?"

"ಈ ಕಾರಿಗೆ ಇರಬಹುದಲ್ಲ ಮಾವ?"

ಮಾವ ಆ ಅಂಕಿಯನ್ನು ಮತ್ತೊಮ್ಮೆ ನೋಡಿದರು. "ಹೌದಲ್ಲೇ! ಗಟ್ಟಿ ಟೈರು ರಸ್ತೆ ಹಿಡಿಯೂದೂ ಇಲ್ಲ."

ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಇಳಿಸಿದಾಗಲೆಲ್ಲ ಒಂದು ಸುತ್ತು ಓಡಿಸಿದರು. ನಾಲ್ಕನೆಯ ಸಲ ಕಾರು ತಿರುವಿನ ಒಳಅಂಚನ್ನು ಸವರಿಕೊಂಡು ಹೊರಬಂತು. ಒಂದು ನಿಮಿಷ ಐವತ್ತೊಂಬತ್ತು ಸೆಕೆಂಡು! ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಡ್ರೈವರ್ ಸಾಹೇಬ್ರಿಗೆ ಸೊಸೆ ಹೇಳ್ಬೇಕಾಯ್ತನ?" ಎಂದು ಅತ್ತೆ ಗಂಗೂ ಅಡುಗೆಮನೆಯಿಂದ ಕೆಣಕಿದರು.

ಮಗಳು ಎದ್ದು ಅಳತೊಡಗಿದಳು. ಮಾವ ತಿರುಗಿ ನೋಡಲಿಲ್ಲ. "ಅವ್ಳನ್ನ ಎತ್ಕ ಬಾ. ನಾಳೆ ರೇಸಿಗೆ ಹಿಂದಿನ ಸ್ಪ್ರಿಂಗೂ ನೋಡ್ವ."