ಪಟ್ಟಿಯ ಮೇಲಿನ ಕಪ್ಪು

ಮಣಿಪಾಲದ ಆಸ್ಪತ್ರೆಯಿಂದ ಕಾಪುವಿನ ಮನೆಗೆ ಬಂದಾಗ ಪಾರ್ಶ್ವವಾಯುವಿನಿಂದ ನನ್ನ ಗಂಡನಿಗೆ ಬಲಗೈ ಎತ್ತಲು ಬರುತ್ತಿರಲಿಲ್ಲ. ಮಾತು ಉಳಿದಿತ್ತು, ಕೈ ಹೋಗಿತ್ತು. ಅವರಿಗೆ ಎಲ್ಲಕ್ಕಿಂತ ಹೆಚ್ಚು ಬೇಸರವಾದದ್ದು ಗಡ್ಡದ ವಿಷಯದಲ್ಲಿ. ಮಸ್ಕತ್ತಿನಲ್ಲಿದ್ದಾಗ ಕೊಂಡ ಮಡಚುವ ಕತ್ತಿಯಿಂದಲೇ ಅಷ್ಟು ವರ್ಷ ಕ್ಷೌರ ಮಾಡಿಕೊಂಡವರು. ಬೇರೆ ರೇಜರನ್ನು ಮುಖಕ್ಕೆ ತಾಗಿಸಿದವರಲ್ಲ. ನಾನು ಮಾಡುತ್ತೇನೆ ಎಂದೆ.

ಕುರ್ಚಿಯಲ್ಲಿ ಕುಳಿತು ಹೇಳಿಕೊಟ್ಟರು. ಕತ್ತಿ ಹರಿತ ಮಾಡುವ ಚರ್ಮದ ಪಟ್ಟಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಹಿಡಿಯಬೇಕು. ಎಳೆಯುವಾಗ ಕತ್ತಿಯ ಬೆನ್ನು ಮುಂದೆ, ಬಾಯಿ ಎಂದರೆ ಹರಿತದ ಅಂಚು ಹಿಂದೆ. ತುದಿಯಲ್ಲಿ ಎತ್ತದೆ, ಬೆನ್ನಿನ ಮೇಲೆಯೇ ಮಗುಚಬೇಕು. ಮೊದಲ ದಿನವೇ ಪಟ್ಟಿಯನ್ನು ಕೊಯ್ದೆ. "ಪಟ್ಟಿ ಹೋಗಲಿ, ನನ್ನ ಕೆನ್ನೆ ಒಂದು ಉಳಿಸು ಮಾರಾಯ್ತಿ," ಎಂದು ನಕ್ಕರು.

ಪೇಸ್ಟಿನ ವಿಷಯ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕಪಾಟಿನಲ್ಲಿ ಹಸಿರು ಪೇಸ್ಟಿನ ಸಣ್ಣ ಟ್ಯೂಬು ಸಿಕ್ಕಿತು, ಹರಿತಕ್ಕೆ ಎಂದು ಬರೆದದ್ದು. ಕಾನ್ವೆಂಟಿನಲ್ಲಿ ನಮ್ಮಿಂದ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಉಜ್ಜಿಸುತ್ತಿದ್ದ ಸಿಸ್ಟರ್, ಬಟ್ಟೆಗೆ ಕಪ್ಪು ಬಂದರೆ ಕೊಳೆ ಹೋಯಿತು ಎನ್ನುತ್ತಿದ್ದರು. ಅದೇ ಲೆಕ್ಕದಲ್ಲಿ, ದಿನಾ ಗಂಡ ಏಳುವ ಮೊದಲು ಪಟ್ಟಿಗೆ ಪೇಸ್ಟ್ ಸವರಿ ಕತ್ತಿ ಎಳೆಯುತ್ತಿದ್ದೆ. ಕಪ್ಪು ಗೆರೆ ಮೂಡಿದ ಮೇಲೆ ನನಗೆ ಸಮಾಧಾನ.

ಐದು ತಿಂಗಳು ಹೀಗೆ ನಡೆಯಿತು. ಕ್ಷೌರ ಮಾಡುವಾಗ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಕಾಯಿಲೆಯಿಂದಿರಬೇಕೆಂದು ಟವೆಲಿನ ತುದಿಯಲ್ಲಿ ಒರೆಸಿ ಮುಂದುವರಿಸುತ್ತಿದ್ದೆ. ನೋವಾಗುತ್ತದಾ ಎಂದರೆ, ಎಂತ ನೋವು, ನಿನ್ನ ಕೈ ಹತ್ತಿಯ ಹಾಗೆ ಉಂಟು ಎನ್ನುತ್ತಿದ್ದರು.

ಅವರು ತೀರಿಕೊಂಡ ದಿನ, ಪೆಟ್ಟಿಗೆಯಲ್ಲಿ ಮಲಗಿಸುವ ಮೊದಲು ಗಡ್ಡ ತೆಗೆಯಬೇಕಿತ್ತು. ನಾನು ಕತ್ತಿ ಬಿಚ್ಚಿ ಮತ್ತೆ ಮಡಚಿಟ್ಟೆ. ಉದ್ಯಾವರದಿಂದ ಹಿರಿಯ ಕ್ಷೌರಿಕರೊಬ್ಬರನ್ನು ಕರೆಸಿದೆವು. ನನ್ನ ಗಂಡನ ಕತ್ತಿಯಿಂದಲೇ ಮಾಡಿ ಎಂದು ಕೊಟ್ಟೆ. ಅವರು ಅದನ್ನು ಹೆಬ್ಬೆರಳಿನ ಉಗುರಿಗೆ ತಾಗಿಸಿದರು, ಪಟ್ಟಿಯನ್ನು ಬೆಳಕಿಗೆ ಹಿಡಿದರು. ಪೇಸ್ಟ್ ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರು. ದಿನಾ, ಕಪ್ಪು ಬರುವವರೆಗೆ ಎಂದೆ.

"ತಿಂಗಳಿಗೊಮ್ಮೆ ಸಾಕಿತ್ತು ಬಾಯಮ್ಮ. ಈ ಕಪ್ಪು ಕೊಳೆ ಅಲ್ಲ, ಕತ್ತಿಯೇ ಸವೆದದ್ದು. ಬಾಯಿ ಉರುಟಾಗಿದೆ, ಹರಿತವೇ ಇಲ್ಲ."

ಹಾಗಾದರೆ ಇಷ್ಟು ದಿನ ಗಡ್ಡ ಕತ್ತಿಗೆ ಬಂದದ್ದು ಹೇಗೆ ಎಂದು ಕೇಳಿದೆ.

"ಬರ್ತದೆ. ಕೊಯ್ದು ಬರುವುದಲ್ಲ, ಕಿತ್ತು ಬರುವುದು." ಆಮೇಲೆ ನನ್ನ ಮುಖ ನೋಡಿದರು. ಚೀಲದಿಂದ ಸಾಣೆಕಲ್ಲು ತೆಗೆದು, ಜಗಲಿಯಲ್ಲಿ ಕುಳಿತು ತುಂಬಾ ಹೊತ್ತು ಮಸೆದರು. ಒಳಗೆ ಜಪಮಾಲೆಯ ಪ್ರಾರ್ಥನೆ ನಡೆಯುತ್ತಿತ್ತು. ನಾನು ಕ್ಷೌರಿಕರ ಹತ್ತಿರವೇ ನಿಂತಿದ್ದೆ.

ಅವರು ನನ್ನ ಗಂಡನ ಕೆನ್ನೆಗೆ ಕತ್ತಿ ಇಟ್ಟಾಗ ಸದ್ದೇ ಕೇಳಿಸಲಿಲ್ಲ. ನನ್ನ ಕೈಯಲ್ಲಿ ಒಣಹುಲ್ಲು ಕೆರೆದ ಹಾಗೆ ಸದ್ದಾಗುತ್ತಿತ್ತು. ಕ್ಷೌರವೆಂದರೆ ಹಾಗೆಯೇ ಎಂದುಕೊಂಡಿದ್ದೆ.

ತೀರಿಕೊಳ್ಳುವ ಹಿಂದಿನ ಭಾನುವಾರ, ಇವತ್ತೊಂದು ದಿನ ಕ್ಷೌರ ಬೇಡ ಎಂದು ನನ್ನ ಗಂಡ ಹೇಳಿದ್ದರು. ಪಾದ್ರಿಗಳು ಪರಮಪ್ರಸಾದ ತರುವ ದಿನ ಹೀಗೆ ಕುಳಿತರೆ ಹೇಗೆ ಎಂದು ನಾನು ಸ್ವಲ್ಪ ಮುನಿದೆ. ಸೋಪಿನ ಬ್ರಷ್ಷು ಹಿಡಿದು ನಿಂತೇ ಇದ್ದೆ. ಅವರು ನನ್ನನ್ನು ನೋಡಿದರು. ಆಮೇಲೆ ಕಣ್ಣು ಮುಚ್ಚಿ ಗಲ್ಲವನ್ನು ತಾವೇ ಎತ್ತಿಕೊಟ್ಟರು.